ಬೆಟ್ಟಿಂಗಿಗೂ ಒಂದು ಬಜೆಟ್ಟಾ?

ಎಲ್ಲರೂ ಲೂಕ 14:28 ತೆಗೀರಿ. ಗೋಪುರ ಕಟ್ಟೋಕೆ ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕ್ತಾನೆ ಅಂತ ಯೇಸು ಸ್ವಾಮಿ ಅಲ್ಲಿ ಹೇಳ್ತಾರೆ. ಯೂತ್ ಮೀಟಿಂಗಿನಲ್ಲಿ ಒಬ್ಬ ತಮ್ಮ ಇದೇ ವಚನ ಹಿಡ್ಕೊಂಡು ಕೇಳಿದ: "ಪಾಸ್ಟರ್, ನಾನೂ ಲೆಕ್ಕ ಹಾಕೇ ಆಡ್ತೀನಿ. ದಶಮಾಂಶ ಕೊಟ್ಟು, ಪಿಜಿ ಬಾಡಿಗೆ ಕಟ್ಟಿ, ಅಮ್ಮನಿಗೆ ಕಳಿಸಿ, ಆಮೇಲೆ ಮ್ಯಾಚಿಗೆ 200 ರೂಪಾಯಿ. ಅದರ ಮೇಲೆ ಒಂದು ಪೈಸೆ ಇಲ್ಲ. ಇದರಲ್ಲಿ ತಪ್ಪೇನಿದೆ?"

ಬೈದು ಕಳಿಸೋ ಪ್ರಶ್ನೆ ಅಲ್ಲ ಇದು. ಅವನ ಲೆಕ್ಕವನ್ನೇ ನೋಡೋಣ. 2025ರ ಐಪಿಎಲ್‌ನಲ್ಲಿ 74 ಮ್ಯಾಚ್. ಮ್ಯಾಚಿಗೆ 200 ಅಂದ್ರೆ 14,800 ರೂಪಾಯಿ, ಎರಡೂವರೆ ತಿಂಗಳೊಳಗೆ. "ಅಷ್ಟೂ ಹೋಗಲ್ಲ ಪಾಸ್ಟರ್, ಗೆಲ್ತೀನಿ ಕೂಡ" ಅಂದ. ನನಗೆ ಸಂಕಟ ಆಗೋದೇ ಆ ಗೆಲುವಿನ ವಿಷಯದಲ್ಲಿ.

ಹತ್ತು ಜನ ತಲಾ 100 ಕಟ್ಟಿದ್ರು ಅಂತಿಟ್ಕೊಳ್ಳಿ. ಐದು ಜನ ಬೆಂಗಳೂರಿನ ಮೇಲೆ, ಐದು ಜನ ಚೆನ್ನೈ ಮೇಲೆ. ಬುಕ್ಕಿ ರೇಟು 1.90. ಬೆಂಗಳೂರು ಗೆಲ್ತು, ಐದು ಜನಕ್ಕೆ ತಲಾ 190, ಒಟ್ಟು 950. ಮಿಕ್ಕ 50 ಬುಕ್ಕಿ ಜೇಬಿಗೆ, ಯಾವ ಟೀಮ್ ಗೆದ್ರೂ ಅಷ್ಟೇ. ಈಗ ನಿನಗೆ ಲಾಭ ಬಂದ 90 ಯಾರದ್ದು? ಸೋತವರದ್ದು. ಅವರೂ ನಿನ್ನ ಹಾಗೆ ಬಜೆಟ್ ಹಾಕಿದ್ರಾ? ಒಬ್ಬ ಮಗುವಿನ ಸ್ಕೂಲ್ ಫೀಸಿಗೆ ಇಟ್ಟಿದ್ದ ದುಡ್ಡು ಕಟ್ಟಿರಬಹುದು, ಇನ್ನೊಬ್ಬ ಲೋನ್ ಆ್ಯಪ್‌ನಿಂದ ತಂದಿರಬಹುದು. ನಿನ್ನ ಬಜೆಟ್ ನಿನ್ನ ಜೇಬನ್ನು ಕಾಯುತ್ತೆ, ಅವನ ಜೇಬನ್ನಲ್ಲ. ನೆರೆಯವನನ್ನು ಪ್ರೀತಿಸೋಕೆ ಕರೆಯಲ್ಪಟ್ಟವರು ನಾವು. ಅವನು ಸೋಲಲಿ ಅಂತ ಲಾಸ್ಟ್ ಓವರ್ ತನಕ ಕಾಯ್ತಾ ಕೂರೋದು ಹೇಗೆ?

ಯೋಹಾನ 19ಕ್ಕೆ ಬನ್ನಿ. ಶಿಲುಬೆಯ ಕೆಳಗೆ ಸಿಪಾಯಿಗಳು ಹೊಲಿಗೆಯಿಲ್ಲದ ಆ ಅಂಗಿಗೆ ಚೀಟು ಹಾಕ್ತಾರೆ. ಅವರ ಕೈಯಿಂದ ಒಂದು ಕಾಸೂ ಹೋಗಲ್ಲ. ಬಜೆಟ್ ನೋಡಿದ್ರೆ ಅದಕ್ಕಿಂತ ಸೇಫ್ ಆಟ ಇಲ್ಲ! ಆದರೆ ಆ ಅಂಗಿ ಯಾರ ಮೈಯಿಂದ ಬಿಚ್ಚಿದ್ದು ಪ್ರಿಯರೇ?

2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸೋ ಕಾಯ್ದೆ ಪಾಸ್ ಮಾಡ್ತು. ಆದ್ರೂ ಟೆಲಿಗ್ರಾಂನಲ್ಲಿ ಲಿಂಕ್ ಓಡಾಡ್ತಿವೆ, ನಿಮಗೂ ಗೊತ್ತು. ಅದನ್ನು ಇವತ್ತು ಬೆಳೆಸಲ್ಲ. ಪೊಲೀಸ್ ಭಯಕ್ಕೆ ಬಿಟ್ಟವರು ಭಯ ಹೋದ ಮೇಲೆ ಮತ್ತೆ ಶುರು ಮಾಡ್ತಾರೆ.

ಕ್ರಿಕೆಟ್ ನೋಡಬೇಡಿ ಅಂತಲೂ ಹೇಳ್ತಿಲ್ಲ. 2025ರ ಜೂನ್ 3ರ ರಾತ್ರಿ, 18ನೇ ಸೀಸನ್ನಿಗೆ ನಮ್ಮ ಆರ್‌ಸಿಬಿ ಕಪ್ ಎತ್ತಿದಾಗ ನಾನೂ ಕೂಗಿದೆ, ಪಕ್ಕದ ಮನೆಯವರನ್ನು ಕೇಳಿ. ಆ ಸಂತೋಷಕ್ಕೆ ಒಂದು ರೂಪಾಯಿ ಕಟ್ಟಿರಲಿಲ್ಲ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಈಗಾಗಲೇ ಸಾಲ ಆಗಿರೋರು ಆರಾಧನೆ ಮುಗಿದ ಮೇಲೆ ನನ್ನ ಹತ್ರ ಬನ್ನಿ. ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಸಮೇತ ಬರ್ಕೊಂಡು ಬನ್ನಿ. ಪ್ರಾರ್ಥನೇನೂ ಮಾಡೋಣ, ಲೆಕ್ಕಾನೂ ನೋಡೋಣ. ಹೋಗಿದ್ದೆಲ್ಲ ಒಂದೇ ಸಲ ವಾಪಸ್ ತಗೋತೀನಿ ಅಂತ ಇವತ್ತು ಸಂಜೆ ಮ್ಯಾಚಿಗೆ ಕಾಯ್ತಿರೋರು ಮೊದಲು ಬನ್ನಿ.