ತಾಯಿತಂದೆಗಳ ಸಂಕ್ಲೇಶ ಮತ್ತು ಮಕ್ಕಳ ವ್ರತ



ವ್ರತಗಳ ವಿಧಿ, ತಿಥಿ, ಪಾರಣೆ, ಉದ್ಯಾಪನೆ ಇವುಗಳ ವಿಚಾರವನ್ನು ನಾವು ಆಗಾಗ ಓದುತ್ತೇವೆ, ಕೇಳುತ್ತೇವೆ. ವ್ರತ ಹಿಡಿದ ಮನೆಯೊಳಗೆ ಆ ದಿನ ಆಡುವ ಮಾತು ಹೇಗಿರಬೇಕೆಂಬುದನ್ನು ಮಾತ್ರ ಅಷ್ಟಾಗಿ ವಿಚಾರಿಸುವುದಿಲ್ಲ. ಆದುದರಿಂದ ಈ ಸಲ ಅದನ್ನೇ ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡುತ್ತೇನೆ.

ಕಳೆದ ಚಾತುರ್ಮಾಸದಲ್ಲಿ ಒಂದು ದಿನ ಬಸದಿಯಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಒಬ್ಬ ತರುಣನು ನನ್ನೊಡನೆ ಮೆಟ್ಟಿಲಿನವರೆಗೂ ಬಂದನು. ವಯಸ್ಸು ಮೂವತ್ತರ ಆಸುಪಾಸು. ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನಲ್ಲಿ ಕಂಪನಿಯ ಕೆಲಸ ಮಾಡುವವನು. “ಮೇಷ್ಟ್ರೇ, ನಮ್ಮ ಅಮ್ಮ ಅಷ್ಟಮಿ ಚತುರ್ದಶಿ ತಪ್ಪಿಸುವುದಿಲ್ಲ. ಆದರೆ ಅವರ ಉಪವಾಸದ ದಿನ ಬಂತೆಂದರೆ ನನಗೆ ಎದೆ ನಡುಗುತ್ತದೆ. ಮುಟ್ಟಿದ್ದಕ್ಕೆಲ್ಲ ಸಿಡುಕು. ನಾನೂ ಸುಮ್ಮನಿರುವುದಿಲ್ಲ. ಧರ್ಮ ಮಾಡುವವರಿಗೆ ಇಷ್ಟು ಕೋಪವೇಕೆ?” ಎಂದು ಕೇಳಿದನು.

ನಾನು ಆ ಮನೆಯ ದಿನಚರಿಯನ್ನು ವಿಚಾರಿಸಿದೆನು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ. ಆಕೆಯನ್ನು ರಾತ್ರಿ ಎರಡು ಮೂರು ಸಲ ಮಗ್ಗುಲು ಬದಲಿಸಿ ಮಲಗಿಸಬೇಕು. ತಾಯಿ ನಸುಕಿನಲ್ಲಿಯೇ ಎದ್ದು ನೀರು ಸೋಸಿ, ಕಾಯಿಸಿ, ಧಾನ್ಯ ಆರಿಸಿ, ಅಜ್ಜಿಗೆ ಸ್ನಾನ ಮಾಡಿಸಿ, ಅಭಿಷೇಕದ ಹೊತ್ತಿಗೆ ಬಸದಿಗೆ ಹೋಗಿ ಬರುತ್ತಾರೆ. ತಂದೆ ತೀರಿಕೊಂಡು ಕೆಲವು ವರ್ಷಗಳಾದುವು. ಸಂಜೆ ಹೊತ್ತು ಮುಳುಗುವ ಮುನ್ನ ಮನೆಯವರೆಲ್ಲರ ಊಟ ಮುಗಿಯಬೇಕು. ಮಗನಿಗೋ ಕಚೇರಿಯ ಸಭೆ ಸರಿಯಾಗಿ ಆ ಹೊತ್ತಿಗೇ ಬರುತ್ತದೆ. ತಾಯಿ ಬಾಗಿಲ ಬಳಿ ಬಂದು ಒಮ್ಮೆ ಕರೆಯುತ್ತಾರೆ, ಎರಡು ಸಲ ಕರೆಯುತ್ತಾರೆ. ಮೂರನೆಯ ಸಲ ಸ್ವರ ಏರುತ್ತದೆ. ಮಗ ಒಳಗಿನಿಂದಲೇ “ನಿಮ್ಮ ನಿಯಮ ನಿಮಗಿರಲಿ, ನನ್ನನ್ನು ಬಿಟ್ಟುಬಿಡಿ” ಎನ್ನುತ್ತಾನೆ. ಅಂದು ತಾಯಿ ತಾವೂ ಊಟ ಮಾಡದೆ ಪಾತ್ರೆಗಳನ್ನು ಮುಚ್ಚಿಡುತ್ತಾರೆ. ಮಾರನೆಯ ದಿನ ಅಷ್ಟಮಿಯಾದರೆ ಎರಡು ದಿನದ ಹಸಿವಾಯಿತು.

ಬಂಧುಗಳೇ, ಇದು ಒಂದೇ ಮನೆಯ ಕಥೆಯಲ್ಲ. ಈ ತಾಯಿಯ ಸ್ಥಿತಿಗೆ ಇಂದಿನವರು ಏನೆಂದು ಹೆಸರಿಟ್ಟರೂ ಇರಲಿ, ನಮ್ಮ ಆಗಮದಲ್ಲಿ ಅದಕ್ಕೆ ಹಳೆಯ ಹೆಸರೊಂದಿದೆ: ಸಂಕ್ಲೇಶ. ಆತ್ಮನ ಪರಿಣಾಮವು ಕಷಾಯದ ಒತ್ತಡದಿಂದ ಕದಡಿ ಹೋಗುವುದೇ ಸಂಕ್ಲೇಶ; ಅದು ತಿಳಿಯಾಗುವುದೇ ವಿಶುದ್ಧಿ. ಹೊರೆ ಹೊತ್ತವರ ಬಾಯಿಂದ ಬಿರುನುಡಿ ಬಂದಾಗ ನಾವು ನುಡಿಯನ್ನು ಕೇಳುತ್ತೇವೆ, ಹೊರೆಯನ್ನು ನೋಡುವುದಿಲ್ಲ.

ಈಗ ಮೊದಲ ಪ್ರಶ್ನೆ. ಮುನಿಸಿನಿಂದ ಬಿಟ್ಟ ಊಟ ಉಪವಾಸವಾಗುವುದೇ? ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಪರ್ವದಿನಗಳಲ್ಲಿ ನಾಲ್ಕು ವಿಧದ ಆಹಾರವನ್ನೂ ಸದಿಚ್ಛೆಯಿಂದ ತ್ಯಜಿಸುವುದನ್ನು ಪ್ರೋಷಧೋಪವಾಸವೆಂದು ಹೇಳಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ಪಂಚೇಂದ್ರಿಯಗಳು ತಮ್ಮ ತಮ್ಮ ವಿಷಯಗಳಿಂದ ಹಿಂದಿರುಗಿ ಒಳಗೆ ನೆಲಸುವುದೇ ಉಪವಾಸವೆಂದು ಆ ಶಬ್ದವನ್ನು ಬಿಡಿಸಿದ್ದಾರೆ. ಹೀಗಿರಲು, ಹೊಟ್ಟೆ ಬರಿದಾಗಿ ಕಿವಿ ಮಾತ್ರ ಮಗನ ಬಾಗಿಲಿನತ್ತ ನೆಟ್ಟಿದ್ದರೆ ಅದು ಹಸಿವಾದೀತು, ಉಪವಾಸವಾಗದು. ಹಾಗೆಯೇ ತಾನು ಆಡಿದ ಮಾತಿಗೆ ತಾಯಿ ಉಣದೆ ಮಲಗಿದರೆಂದು ತಿಳಿದೂ ಮಾರನೆಯ ದಿನ ಪೂಜೆಗೆ ನಿಂತ ಮಗನ ಪೂಜೆಯೂ ಪೂರ್ಣವಾಗದು.

“ಅದು ಅವರ ಅಸಾತಾ ವೇದನೀಯದ ಉದಯ, ನಾನೇನು ಮಾಡಲಿ?” ಎಂದು ಕರ್ಮಸಿದ್ಧಾಂತವನ್ನೇ ಗುರಾಣಿಯಾಗಿ ಹಿಡಿಯುವವರುಂಟು. ಉದಯವು ಅವರದೇ ಇರಬಹುದು. ಆದರೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದುಃಖ, ಶೋಕ, ತಾಪ, ಆಕ್ರಂದನ ಮೊದಲಾದುವು ತನ್ನಲ್ಲಿ ಆಗಲಿ, ಪರರಲ್ಲಿ ಆಗಲಿ, ಇಬ್ಬರಲ್ಲಿ ಆಗಲಿ ಉಂಟಾದರೆ ಅಸಾತಾ ವೇದನೀಯದ ಆಸ್ರವಕ್ಕೆ ಕಾರಣವೆಂದು ಸ್ಪಷ್ಟವಾಗಿ ಹೇಳಿದ್ದಾರೆ. ತಾಯಿಯ ಕಣ್ಣೀರಿಗೆ ನಾನು ನಿಮಿತ್ತನಾದೆನೆಂದರೆ ಆಕೆಯ ಹಳೆಯ ಕರ್ಮ ಅಲ್ಲಿ ಕಳೆಯಿತೋ ಇಲ್ಲವೋ, ನನ್ನ ಹೊಸ ಕರ್ಮ ಇಲ್ಲಿ ಕಟ್ಟಿತು. ಇದು ಲೆಕ್ಕ.

ಎರಡನೆಯ ಪ್ರಶ್ನೆ. ಕೋಪವು ಗೃಹಸ್ಥನಿಗೆ ಬಾರದಿರುವುದೇ? ಬರುತ್ತದೆ. ಆದರೆ ಎಷ್ಟು ಕಾಲ ನಿಲ್ಲುತ್ತದೆಂಬುದನ್ನು ನೋಡಬೇಕು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಕ್ರೋಧಕ್ಕೆ ನಾಲ್ಕು ಗೆರೆಗಳ ಹೋಲಿಕೆಯಿದೆ: ಕಲ್ಲಿನ ಮೇಲಿನ ಗೆರೆ, ನೆಲದ ಬಿರುಕು, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಕಷಾಯದ ವಾಸನೆ ಉಳಿಯುವ ಕಾಲವನ್ನೂ ಅಲ್ಲಿಯೇ ಹೇಳಿದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನೂ ಮೀರಿ ಭವಭವಾಂತರಕ್ಕೆ ಹರಿಯುವುದು ಅನಂತಾನುಬಂಧಿ. ಅಣುವ್ರತಗಳನ್ನು ಹಿಡಿದ ಶ್ರಾವಕನಲ್ಲಿ ಅಪ್ರತ್ಯಾಖ್ಯಾನದ ಉದಯ ಇರಬಾರದು. ಎಂದರೆ, ವ್ರತಿಕನ ಮನೆಯಲ್ಲಿ ಒಂದು ಮುನಿಸು ಹದಿನೈದು ದಿನಗಳನ್ನು ದಾಟಿತೆಂದರೆ, ನಾವು ಎಷ್ಟೇ ಉಪವಾಸ ಮಾಡಿದ್ದರೂ ವ್ರತವು ಒಳಗಿನಿಂದ ಜಾರುತ್ತಿದೆಯೆಂದೇ ತಿಳಿಯಬೇಕು.

ಇದನ್ನು ಹೇಳುವ ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ತಪ್ಪು ಮಾಡಿ ಕಲಿತವನು. ೧೯೮೫ರ ಬರದ ವರ್ಷ. ನಾನು ಹೊಸದಾಗಿ ಮೇಷ್ಟ್ರಾಗಿದ್ದೆ. ನಮ್ಮ ಬಾವಿ ಬತ್ತಿ ತೆಂಗು ಒಣಗುತ್ತಿತ್ತು, ತಂಗಿಯ ಮದುವೆಗೆ ಮಾಡಿದ ಸಾಲ ತಲೆಯ ಮೇಲಿತ್ತು. ತಂದೆಯವರು ಸೀಮೆಎಣ್ಣೆ ದೀಪ ಎರಡು ಗಳಿಗೆ ಹೆಚ್ಚು ಉರಿದರೂ ಗದರುತ್ತಿದ್ದರು. ಒಂದು ದಿನ ಸಂಬಳದ ಲೆಕ್ಕ ಕೇಳಿದರು. “ಲೆಕ್ಕ ಒಪ್ಪಿಸಲು ನಾನು ನಿಮ್ಮ ಆಳಲ್ಲ” ಎಂದುಬಿಟ್ಟೆ. ಅಂದಿನಿಂದ ನಮ್ಮಿಬ್ಬರಲ್ಲಿ ಮಾತಿಲ್ಲ. ಶ್ರಾವಣ ಕಳೆಯಿತು, ಭಾದ್ರಪದ ಬಂದಿತು. ಶುಕ್ಲ ಪಂಚಮಿಯಿಂದ ಹತ್ತು ದಿನವೂ ಏಕಭುಕ್ತ, ಅನಂತ ಚತುರ್ದಶಿಯಂದು ನಿರಾಹಾರ. ಬಸದಿಯಲ್ಲಿ ಹಿರಿಯರು ಹೊಗಳಿದರು. ನನಗೆ ಹಿಗ್ಗು. ಎಂಟು ಮದಗಳಲ್ಲಿ ತಪೋಮದವೂ ಒಂದೆಂಬುದನ್ನು ಮಕ್ಕಳಿಗೆ ಪಾಠ ಹೇಳಿದವನೇ ಮರೆತಿದ್ದೆನು.

ಕ್ಷಮಾವಣಿಯ ದಿನ ಬೀದಿಯ ಮನೆಮನೆಗೂ ಹೋಗಿ ಕೈಮುಗಿದು ಬಂದೆನು. ಮನೆಗೆ ಬರುವಾಗ ತಂದೆಯವರು ಜಗಲಿಯ ಮೇಲೆ ಕುಳಿತಿದ್ದರು. ನಾನು ಪಕ್ಕದಿಂದ ಒಳಗೆ ಹೋಗಲಿದ್ದೆ. ಅವರೇ ಎದ್ದು ನಿಂತು, “ಎಲ್ಲರ ಮನೆಗೂ ಹೋಗಿ ಬಂದೆಯಲ್ಲಪ್ಪ, ನಮ್ಮ ಮನೆಯೊಂದು ಉಳಿಯಿತು. ನನ್ನಿಂದ ನಿನಗೆ ನೋವಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ” ಎಂದು ಮಗನಿಗೆ ಕೈಮುಗಿದರು. ಆ ಮುಗಿದ ಕೈಗಳು ಈಗಲೂ ನನ್ನ ಕಣ್ಣ ಮುಂದಿವೆ. ಆ ರಾತ್ರಿ ತಾಯಿ ಹೇಳಿದರು, ಅವರು ಸರಿಯಾಗಿ ನಿದ್ರೆ ಮಾಡಿ ಎರಡು ತಿಂಗಳಾಗಿತ್ತಂತೆ. ಮುಂದಿನ ಭಾನುವಾರ ನಾನಾಗಿಯೇ ಸಾಲದ ಪುಸ್ತಕ ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತೆನು. ಸಾಲ ಅಂದೇ ತೀರಲಿಲ್ಲ, ಗದರುವುದೂ ನಿಲ್ಲಲಿಲ್ಲ. ಆದರೆ ಒಬ್ಬರೇ ಎಣಿಸುತ್ತಿದ್ದ ಲೆಕ್ಕವನ್ನು ಇಬ್ಬರು ಎಣಿಸತೊಡಗಿದೆವು. ಅವರಿಗೆ ನಿದ್ರೆ ಬಂದಿತು.

ಶ್ರವಣಬೆಳಗೊಳದ ಬೆಟ್ಟದ ಮೇಲೆ ಚಾವುಂಡರಾಯನು ನಿಲ್ಲಿಸಿದ ಬಾಹುಬಲಿಸ್ವಾಮಿಯನ್ನು ನೋಡದವರಾರು? ತಾಯಿ ಕಾಳಲದೇವಿಯ ಬಯಕೆಯನ್ನು ಈಡೇರಿಸಲು ಆ ಮಗನು ಹೊರಟ ಕಥೆಯನ್ನು ಪರಂಪರೆಯು ಹೇಳುತ್ತ ಬಂದಿದೆ. ಆ ಸ್ವಾಮಿಯು ಒಂದು ವರ್ಷ ಅನ್ನನೀರಿಲ್ಲದೆ ಪ್ರತಿಮಾಯೋಗದಲ್ಲಿ ನಿಂತನು. ಕಾಲಿಗೆ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಆದರೂ ಕೇವಲಜ್ಞಾನವು ತಡೆದು ನಿಂತಿತು. ಏಕೆ? ಭರತೇಶನಿಗೆ ನನ್ನಿಂದ ಸಂಕ್ಲೇಶವಾಯಿತಲ್ಲಾ ಎಂಬ ನೆನಪು ಹೃದಯದಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರ ಆದಿಪುರಾಣವು ಹೇಳುತ್ತದೆ. ಭರತನು ಬಂದು ಪೂಜಿಸಿದ ಮೇಲೆ ಜ್ಞಾನೋದಯವಾಯಿತು. ವರ್ಷೋಪವಾಸದ ಮಹಾಪುರುಷನಿಗೇ ತನ್ನವನ ಸಂಕ್ಲೇಶವು ಅಡ್ಡಬಂದಿತೆಂದರೆ, ಒಂದು ದಿನದ ಉಪವಾಸದ ನಾವು ಯಾವ ಲೆಕ್ಕ?

ಆ ತರುಣನಿಗೆ ನಾನು ಒಂದು ನಿಯಮವನ್ನು ಸೂಚಿಸಿದೆನು. ಯಾವಜ್ಜೀವವಾದುದು ಯಮ, ಕಾಲದ ಮಿತಿಯುಳ್ಳದ್ದು ನಿಯಮ. ಆದುದರಿಂದ ಅಷ್ಟಮಿಯಿಂದ ಮುಂದಿನ ಅಷ್ಟಮಿಯವರೆಗೆ, ಒಂದು ಪಕ್ಷ ಮಾತ್ರ.

ಮೊದಲನೆಯದು: ತಾಯಿಯ ಬಿರುನುಡಿ ಕಿವಿಗೆ ಬಿದ್ದೊಡನೆ ಉತ್ತರ ಕೊಡದೆ ಒಂದು ಕಾಯೋತ್ಸರ್ಗ. ಒಂಬತ್ತು ಸಲ ಣಮೋಕಾರ, ಇಪ್ಪತ್ತೇಳು ಉಸಿರು. ಅಷ್ಟರಲ್ಲಿ ನೀರಿನ ಗೆರೆ ನೀರಿನಲ್ಲಿಯೇ ಅಳಿಯುತ್ತದೆ.

ಎರಡನೆಯದು: ವಿಚಾರಿಸಿ ನುಡಿಯುವುದು. ಸತ್ಯವ್ರತದ ಐದು ಭಾವನೆಗಳಲ್ಲಿ ಕ್ರೋಧತ್ಯಾಗವೂ ಅನುವೀಚಿಭಾಷಣವೂ ಸೇರಿವೆ. ಸಂಜೆ ಜಗಳವಾಡುವ ಬದಲು ಬೆಳಿಗ್ಗೆಯೇ, “ಅಮ್ಮ, ಇಂದು ಐದೂವರೆಯಿಂದ ಏಳರವರೆಗೆ ನನಗೆ ಕೆಲಸವಿದೆ, ಐದು ಗಂಟೆಗೇ ಊಟ ಮುಗಿಸುತ್ತೇನೆ” ಎಂದು ಹೇಳಿಬಿಡಬೇಕು, ಹೇಳಿದಂತೆ ನಡೆಯಬೇಕು. ಕಾಯುವವರಿಗೆ ತಡವಾಗುವುದಕ್ಕಿಂತ ತಿಳಿಯದಿರುವುದೇ ಹೆಚ್ಚಿನ ಕಷ್ಟ.

ಮೂರನೆಯದು: ವೈಯಾವೃತ್ತ್ಯ. ಇದು ಆರು ಅಂತರಂಗ ತಪಗಳಲ್ಲಿ ಒಂದು. ಮುಖ್ಯವಾಗಿ ಮುನಿಸೇವೆಗೆ ಹೇಳಿದ್ದಾದರೂ, ಅದರ ಪಾತ್ರರಲ್ಲಿ ಗ್ಲಾನರು, ಎಂದರೆ ರೋಗದಿಂದ ನೊಂದವರು, ಸೇರಿದ್ದಾರೆ. ಆ ಭಾವವು ಮನೆಯಿಂದಲೇ ಮೊದಲಾಗಲಿ. “ಏನಾದರೂ ಮಾಡಲೇ?” ಎಂದು ಕೇಳುವುದು ಸಾಲದು. ಒಂದು ಹೊರೆಯನ್ನು ಪೂರ್ತಿಯಾಗಿ ತನ್ನದೆಂದು ಎತ್ತಿಕೊಳ್ಳಬೇಕು. ರಾತ್ರಿ ಅಜ್ಜಿಯನ್ನು ಮಗ್ಗುಲು ಬದಲಿಸುವ ಕೆಲಸ ಇನ್ನು ಮಗನದು. ಪರ್ವದಿನದ ಅಡುಗೆಯೂ ಮಗನದು.

ನಾಲ್ಕನೆಯದು: ಚತುರ್ದಶಿಯಂದು ಆಲೋಚನೆ. ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದೇ ತಪ್ಪನ್ನು ಮುಚ್ಚದೆ ಹೇಳಿಕೊಳ್ಳುವುದು. “ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ” ಎಂದು ಊರಿಗೆಲ್ಲ ಹೇಳುವ ಮಾತನ್ನು ತಾಯಿಗೆ ಹೇಳಬಾರದು. “ಮಂಗಳವಾರ ಸಂಜೆ ನಾನು ಆಡಿದ ಆ ಮಾತು ತಪ್ಪು” ಎಂದು ಹೆಸರಿಟ್ಟು ಹೇಳಬೇಕು.

ಹಾಗಾದರೆ ಹಿರಿಯರು ಹೇಳಿದ್ದೆಲ್ಲವೂ ಸರಿಯೇ? ಅಲ್ಲ. ವಿನಯವೆಂದರೆ ತಪ್ಪನ್ನು ಒಪ್ಪಿಕೊಳ್ಳುವುದಲ್ಲ. ಒಪ್ಪದಿರುವಾಗಲೂ ಹಿತವಾಗಿ, ಮಿತವಾಗಿ, ಪ್ರಿಯವಾಗಿ ನುಡಿಯುವುದು. ಹಿರಿಯರಿಗೂ ನನ್ನದೊಂದು ವಿನಂತಿ. ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ಆಚಾರ್ಯರು “ಶಕ್ತಿತಃ” ಎಂಬ ಮಾತನ್ನು ಸೇರಿಸಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಉಪವಾಸ ಹಿಡಿಯಬೇಕು. ನಿರಾಹಾರ ಕೂಡದಿದ್ದರೆ ಅವಮೋದರ್ಯ, ರಸಪರಿತ್ಯಾಗಗಳೂ ಬಾಹ್ಯ ತಪಗಳೇ. ಮಗನ ಮೇಲಿನ ಸಿಟ್ಟನ್ನು ಅನ್ನದ ಮೇಲೆ ತೋರಿಸಬೇಡಿ. ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಕಾರಣವಿಲ್ಲದೆ ಕಣ್ಣೀರು ಬರುತ್ತಿದ್ದರೆ, ಬದುಕೇ ಬೇಡವೆನ್ನಿಸಿದರೆ, ಅದನ್ನು ಕರ್ಮವೆಂದು ಕೈಬಿಡದೆ ಕೂಡಲೇ ವೈದ್ಯರಲ್ಲಿ ಕರೆದೊಯ್ಯುವುದು ಮಕ್ಕಳ ಕರ್ತವ್ಯ. ಮುನಿಗಳಿಗೆ ಔಷಧದಾನ ಮಾಡುವ ಧರ್ಮ ನಮ್ಮದು. ಮನೆಯವರಿಗೆ ಔಷಧ ಕೊಡಿಸಲು ನಾಚಿಕೆಯೇಕೆ?

ಒಂದು ಪಕ್ಷ ಕಳೆದ ಮೇಲೆ ಆ ತರುಣನು ಮತ್ತೆ ಬಸದಿಗೆ ಬಂದನು. “ಅಮ್ಮ ಬದಲಾಗಿಲ್ಲ ಮೇಷ್ಟ್ರೇ. ನಿಯಮವನ್ನು ನಾನೇ ಎರಡು ಸಲ ಮುರಿದೆ” ಎಂದನು. ಸ್ವಲ್ಪ ತಡೆದು, “ಆದರೆ ನಿನ್ನೆ ಸಂಜೆ ನನ್ನ ತಟ್ಟೆಯ ಪಕ್ಕದಲ್ಲಿ ತಮ್ಮ ತಟ್ಟೆಯನ್ನೂ ಇಟ್ಟುಕೊಂಡು ಕುಳಿತರು. ಹೊತ್ತು ಇನ್ನೂ ಇತ್ತು” ಎಂದನು. ಇನ್ನೊಂದು ಪಕ್ಷ ನಿಯಮ ಹಿಡಿಯಪ್ಪ ಎಂದೆನು.

ಶ್ರಾವಕ ಬಂಧುಗಳೇ, ಮುಂದಿನ ಅಷ್ಟಮಿಗೆ ಬಸದಿಗೆ ಹೊರಡುವ ಮುನ್ನ ಒಂದು ಗಳಿಗೆ ಮನೆಯೊಳಗೇ ನಿಂತು ನೋಡಿರಿ. ಎಲ್ಲರ ಮನೆಗೂ ಹೋಗಿ ಬಂದು ನಮ್ಮ ಮನೆಯೊಂದು ಉಳಿಯದಿರಲಿ. ಸರ್ವರಿಗೂ ಧರ್ಮವೃದ್ಧಿಯಾಗಲಿ. ಜಯ ಜಿನೇಂದ್ರ.