‘ಫ್ರಾಂಕ್ ಆಗಿ’ ಹೇಳಬಲ್ಲವರು ಯಾರು?

‘ಫ್ರಾಂಕ್ ಆಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ’ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಹೆಚ್ಚಾಗಿ ಹೀಗೆ ಹೇಳುವವರು ಯಜಮಾನರು, ಮೇಲಧಿಕಾರಿಗಳು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು. ಕೂಲಿಯವನು ಧಣಿಗೆ ಹೀಗೆ ಹೇಳಿದ್ದನ್ನು ಕೇಳಿದವರು ಕಡಿಮೆ. ಇದೇಕೆ ಹೀಗೆ? ಆ ಪದದ ಹುಟ್ಟಿನಲ್ಲೇ ಒಂದು ಉತ್ತರವಿದೆ.

ಫ್ರಾಂಕರು ರೈನ್ ನದಿಯ ಕಡೆಯ ಜರ್ಮನ್ ಬುಡಕಟ್ಟಿನವರು. ಅವರ ಹೆಸರು ಒಂದು ಬಗೆಯ ಈಟಿಯಿಂದ ಬಂದಿರಬಹುದೆಂಬುದು ಕೆಲವು ಪಂಡಿತರ ಊಹೆ. 5ನೇ ಶತಮಾನದಲ್ಲಿ ರೋಮನ್ ಆಳ್ವಿಕೆ ಕುಸಿದ ಮೇಲೆ ಅವರ ದೊರೆ ಕ್ಲೋವಿಸ್ ಇಂದಿನ ಫ್ರಾನ್ಸಿನ ಬಹುಭಾಗವನ್ನು ಗೆದ್ದುಕೊಂಡ. ಅವರ ‘ಸಾಲಿಕ್ ಕಾನೂನು’ ಲ್ಯಾಟಿನ್‌ನಲ್ಲಿದೆ. ಅದರ ಪ್ರಕಾರ ಸ್ವತಂತ್ರ ಫ್ರಾಂಕನನ್ನು ಕೊಂದರೆ 200 ಚಿನ್ನದ ನಾಣ್ಯ ದಂಡ; ಭೂಮಿಯುಳ್ಳ ರೋಮನನನ್ನು ಕೊಂದರೆ 100. ಗೆದ್ದ ಕುಲದವನೇ ಪೂರ್ಣ ಸ್ವತಂತ್ರನಾಗಿದ್ದುದರಿಂದ, ಕುಲದ ಹೆಸರಾಗಿದ್ದ ಲ್ಯಾಟಿನ್ನಿನ ‘ಫ್ರಾಂಕಸ್’ ಎಂಬುದಕ್ಕೆ ‘ಸ್ವತಂತ್ರ’ ಎಂಬ ಅರ್ಥವೇ ಕೂಡಿಕೊಂಡಿತು. ಹಳೆಯ ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂದಾಗ ಮೊದಲು ಸ್ವತಂತ್ರ, ಆಮೇಲೆ ಉದಾರಿ, 16ನೇ ಶತಮಾನದ ಹೊತ್ತಿಗೆ ಮನಬಿಚ್ಚಿ ಮಾತಾಡುವವ ಎಂದಾಯಿತು. ಮತಾಧಿಕಾರವೆಂಬ ಅರ್ಥದ ‘ಫ್ರಾಂಚೈಸ್’, ಅಂಚೆಯ ‘ಫ್ರಾಂಕಿಂಗ್’ ಅದೇ ಬಳ್ಳಿಯ ಕಾಯಿಗಳು.

ಗೆದ್ದವರ ಹೆಸರು ಸ್ವಾತಂತ್ರ್ಯವಾಯಿತು; ಸೋತವರದು? ಮಧ್ಯಯುಗದಲ್ಲಿ ಸೆರೆಸಿಕ್ಕು ಮಾರಾಟವಾದ ಸ್ಲಾವ್ ಜನರ ಹೆಸರಿನಿಂದಲೇ ಗುಲಾಮನಿಗೆ ‘ಸ್ಲೇವ್’ ಎಂಬ ಪದ ಬಂತು. ಅನ್ಯರತ್ತ ಬೆರಳು ತೋರುವ ಮುನ್ನ ನಾವೂ ನೋಡಿಕೊಳ್ಳಬೇಕು. ಮುಸ್ಲಿಮ್ ಆಳ್ವಿಕೆಯ ಕಾರ್ಡೋವಾದಲ್ಲೂ ‘ಸಕಾಲಿಬಾ’, ಅಂದರೆ ಸ್ಲಾವರು, ಎಂದರೆ ಅರಮನೆಯ ಗುಲಾಮರೇ.

ಫ್ರಾಂಕರ ಹೆಸರು ನಮ್ಮ ಕಡೆಗೂ ಬಂತು. ಶಿಲುಬೆ ಯುದ್ಧಗಳ ಕಾಲದ ಅರಬರು ಪಶ್ಚಿಮ ಯುರೋಪಿನವರನ್ನೆಲ್ಲ ‘ಇಫ್ರಂಜ್’ ಎಂದು ಕರೆದರು. ಅದೇ ಹೆಸರು ಫಾರ್ಸಿ, ಉರ್ದುಗಳಲ್ಲಿ ‘ಫಿರಂಗಿ’ಯಾಗಿ, ಕನ್ನಡದಲ್ಲಿ ತೋಪಿಗೆ ನಿಂತಿತು. ಅವರ ಮನೆಯೊಳಗೆ ಸ್ವಾತಂತ್ರ್ಯವಾದದ್ದು ನಮ್ಮ ಅಂಗಳದಲ್ಲಿ ಗುಂಡು ಹಾರಿಸುವ ಫಿರಂಗಿ!

ಹಾಗಾದರೆ ನೇರನುಡಿ ಗುಣವೋ, ಸವಲತ್ತೋ? ಬಲವುಳ್ಳವನು ನೇರವಾಗಿ ನುಡಿದರೆ ಕಳೆದುಕೊಳ್ಳುವುದೇನೂ ಇಲ್ಲ. ಬಾಡಿಗೆ ಮನೆಯವನು ಬಾಯಿ ಬಿಟ್ಟರೆ ಸೂರು ಹೋದೀತು, ಕೆಲಸದವನು ಬಾಯಿ ಬಿಟ್ಟರೆ ಅನ್ನ ಹೋದೀತು. ಅನ್ಯಾಯದ ಅರಸನೆದುರು ಸತ್ಯ ನುಡಿಯುವುದನ್ನು ಪ್ರವಾದಿ(ಸ)ಯವರು ಶ್ರೇಷ್ಠ ಜಿಹಾದ್ ಎಂದದ್ದು ಇಲ್ಲಿ ನೆನಪಾಗುತ್ತದೆ. ಅಲ್ಲಿ ನುಡಿಗೆ ಬೆಲೆ ತೆರುವವನು ನುಡಿದವನೇ.

ಆದರೆ ಅರಸುತನ ಅರಮನೆಯಲ್ಲಷ್ಟೇ ಇರುವುದಿಲ್ಲ. ಮನೆಯಲ್ಲಿ ಸೊಸೆಯೆದುರು, ಜಮಾಅತಿನಲ್ಲಿ ಬಡವನೆದುರು ನಾವೂ ಚಿಕ್ಕಪುಟ್ಟ ಅರಸರೇ. ‘ಫ್ರಾಂಕ್ ಆಗಿ ಹೇಳ್ತೀನಿ’ ಎನ್ನುವ ಮುನ್ನ, ಎದುರಿಗಿರುವವರು ನಮಗೆ ಹಾಗೆ ಹೇಳಬಲ್ಲರೇ ಎಂದು ಒಮ್ಮೆ ಕೇಳಿಕೊಳ್ಳೋಣ.