ಸತ್ಯಕ್ಕೆ ಹಗ್ಗವೇಕೆ?

ಆಕಾಶದಲ್ಲಿ ಹಾರುವ, ಗುಂಡು ತಗುಲಿದರೂ ಸಾಯದ ವೀರರ ಸಿನಿಮಾಗಳೆಂದರೆ ನಮಗೆ ಅಷ್ಟಕ್ಕಷ್ಟೆ. ಲೋಕದ ಸಂಕಟಗಳೆಲ್ಲ ಒಂದು ಗುದ್ದಿಗೆ ಮುಗಿದುಹೋಗುವ ಕಥೆಗಳನ್ನು ಕಥೆ ಬರೆಯುವವರು ನಂಬುವುದು ಕಷ್ಟ. ಆದರೂ ಮಗಳ ಒತ್ತಾಯಕ್ಕೆ ಮಣಿದು ‘ವಂಡರ್ ವುಮನ್’ ನೋಡಿದೆವು. ಪ್ಯಾಟಿ ಜೆಂಕಿನ್ಸ್ ನಿರ್ದೇಶನದಲ್ಲಿ 2017ರಲ್ಲಿ ತೆರೆಕಂಡ ಚಿತ್ರ. ನಾಯಕಿ ಡಯಾನಾ ಕಂದಕದಿಂದ ಮೇಲೆದ್ದು ಗುಂಡಿನ ಮಳೆಯಲ್ಲಿ ಒಬ್ಬಳೇ ನಡೆಯುವಾಗ ಮಗಳು ಚಪ್ಪಾಳೆ ತಟ್ಟಿದಳು. ನಮಗೂ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು? ಆದರೆ ನಮ್ಮ ಮನಸ್ಸು ಸಿಕ್ಕಿಕೊಂಡಿದ್ದು ಆಕೆಯ ಸೊಂಟದಲ್ಲಿದ್ದ ಹೊಳೆಯುವ ಹಗ್ಗದಲ್ಲಿ.

ಆ ಹಗ್ಗ ಸುತ್ತಿದರೆ ಯಾರೂ ಸುಳ್ಳು ಹೇಳಲಾರರು. ಮೊದಲ ಮಹಾಯುದ್ಧದ ಕಾಲದಲ್ಲಿ ಡಯಾನಾಳ ದ್ವೀಪದ ಬಳಿ ಬಂದು ಬೀಳುವ ಸ್ಟೀವ್ ಎಂಬ ವಿಮಾನಚಾಲಕ ಹಲ್ಲು ಕಚ್ಚಿ ತಡೆದರೂ ತಾನು ಗೂಢಚಾರನೆಂದು ಬಾಯಿಬಿಡುತ್ತಾನೆ. “ಇಂಥದೊಂದು ಹಗ್ಗ ನಮ್ಮಲ್ಲಿದ್ದರೆ ಕೋರ್ಟು ಕಚೇರಿ ಯಾಕೆ ಬೇಕು ಅಮ್ಮೀ?” ಎಂದಳು ಮಗಳು.

ಈ ಆಸೆ ಮಕ್ಕಳದು ಮಾತ್ರವಲ್ಲ. 1941ರಲ್ಲಿ ಡಯಾನಾಳನ್ನು ಕಾಮಿಕ್ಸ್ ಪುಟಗಳಿಗೆ ತಂದ ವಿಲಿಯಂ ಮೌಲ್ಟನ್ ಮಾರ್‌ಸ್ಟನ್ ಅಮೆರಿಕದ ಮನಶ್ಶಾಸ್ತ್ರಜ್ಞ. ಸುಳ್ಳಾಡುವಾಗ ರಕ್ತದೊತ್ತಡ ಏರುತ್ತದೆಂದು ನಂಬಿ, ಅದನ್ನು ಅಳೆದು ಸುಳ್ಳು ಹಿಡಿಯುವ ಪರೀಕ್ಷೆ ರೂಪಿಸಿದವರು. ಕೊಲೆ ಆರೋಪ ಹೊತ್ತ ಜೇಮ್ಸ್ ಫ್ರೈ ಎಂಬಾತನ ಪರವಾಗಿ ಈ ಪರೀಕ್ಷೆಯನ್ನು ಮುಂದಿಟ್ಟಾಗ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 1923ರಲ್ಲಿ ಅದನ್ನು ಒಪ್ಪಲಿಲ್ಲ. ಬಲ್ಲವರ ವಲಯದಲ್ಲೇ ಅದಕ್ಕಿನ್ನೂ ಸಾಕಷ್ಟು ಮನ್ನಣೆ ಸಿಕ್ಕಿಲ್ಲ ಎಂದಿತು.

ನಮ್ಮ ರಾಜ್ಯಕ್ಕೂ ಈ ಹಗ್ಗ ಹೊಸದಲ್ಲ. 2000ದ ದಶಕದಲ್ಲಿ ಮಂಪರು ಪರೀಕ್ಷೆಗೆಂದು ಆರೋಪಿಗಳನ್ನು ಬೆಂಗಳೂರಿಗೆ ಕರೆತರುತ್ತಿದ್ದರು. ಮದ್ದಿನ ಅಮಲಿನಲ್ಲಿ ತೊದಲಿದ ಮಾತು ಟಿವಿಯಲ್ಲಿ ಬಂದರೆ ಅದನ್ನೇ ತೀರ್ಪೆಂದು ನಂಬಿದವರಲ್ಲಿ ನಾವೂ ಇದ್ದೆವು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ, ಸುಳ್ಳು ಪತ್ತೆ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತಪಡಿಸಬಾರದೆಂದು ಸಂವಿಧಾನವೇ ಹೇಳಿದೆಯಲ್ಲ!

ಹಾಗಾದರೆ ಅಪರಾಧಿ ತಪ್ಪಿಸಿಕೊಂಡರೆ? ಕೇಳಬೇಕಾದ ಪ್ರಶ್ನೆಯೇ. ಮಗುವನ್ನು ಕಳೆದುಕೊಂಡ ತಾಯಿಯ ಎದುರು ಕಾನೂನಿನ ಕಲಮು ಓದುವುದು ಸುಲಭವಲ್ಲ. ಆದರೆ ಹಗ್ಗ ಹಿಡಿದವರಿಗೆ ಸಿಗುವುದು ಸತ್ಯವೇ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲೇ ಒಂದು ಉತ್ತರವಿದೆ.

ಬಹಳ ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಸ್ವಲ್ಪ ಹಣ ಕಾಣೆಯಾಯಿತು. ಮನೆಗೆಲಸಕ್ಕೆ ಬರುತ್ತಿದ್ದ, ಮಕ್ಕಳೆಲ್ಲ ಖಾಲಾ ಎನ್ನುತ್ತಿದ್ದ ಹೆಂಗಸಿನ ಮೇಲೆ ಅನುಮಾನ ಬಂತು. ಕುರ್‌ಆನ್ ಮುಟ್ಟಿ ಹೇಳು ಎಂದೆವು. ಆಕೆ ಮಾತಾಡದೆ ಹೋಗಿ ವುಝೂ ಮಾಡಿಕೊಂಡು ಬಂದಳು. ಒದ್ದೆ ಕೈ ಗ್ರಂಥದ ಮೇಲಿಡುವಾಗ ಬೆರಳುಗಳು ನಡುಗುತ್ತಿದ್ದವು. ನಾವು ಆಕೆಯ ಮಾತು ಕೇಳಲಿಲ್ಲ, ನಡುಕ ನೋಡಿದೆವು. ಮರುದಿನದಿಂದ ಆಕೆ ಬರಲಿಲ್ಲ. ತಿಂಗಳ ನಂತರ ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗೆ ಹಣ ಸಿಕ್ಕಿತು.

ಆ ನಡುಕ ಕಳ್ಳತನದ್ದಲ್ಲ. ದೇವರ ಭಯದ್ದೋ, ಅವಮಾನದ್ದೋ, ನಾಳೆಯ ಅನ್ನದ ಚಿಂತೆಯದೋ. ರಕ್ತದೊತ್ತಡ ಅಳೆಯುವ ಯಂತ್ರಕ್ಕೂ ಈ ಭೇದ ತಿಳಿಯದು. ಇನ್ನೊಂದು ಮಾತು: ಮನೆಯನ್ನೆಲ್ಲ ಸರಿಯಾಗಿ ಹುಡುಕಿದ್ದೀರಾ, ಆಣೆ ಮಾಡಿ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಹಗ್ಗ ಇರುವುದು ಬಲ್ಲಿದರ ಕೈಯಲ್ಲಿ, ಬೀಳುವುದು ಬಡವರ ಮೈಮೇಲೆ.

ವಿಚಿತ್ರವೆಂದರೆ, ನಾವು ಹಗುರವಾಗಿ ಕಂಡ ಆ ಸಿನಿಮಾಕ್ಕೂ ಇದು ಗೊತ್ತಿದೆ. ಲಂಡನ್ನಿನಲ್ಲಿ ಡಯಾನಾ ತನ್ನನ್ನು ನಂಬದಿದ್ದಾಗ ಸ್ಟೀವ್ ಆ ಹಗ್ಗವನ್ನು ತಾನೇ ಕೈಗೆ ಸುತ್ತಿಕೊಂಡು ಮಾತಾಡುತ್ತಾನೆ. ಕೊನೆಗೆ ಸೇನಾಪತಿಯೊಬ್ಬನನ್ನು ಕೊಂದರೂ ಯುದ್ಧ ನಿಲ್ಲದೆ ಆಕೆ ಕಂಗೆಟ್ಟಾಗ, ತಪ್ಪು ಎಲ್ಲರದು, ಬಹುಶಃ ತನ್ನದೂ ಎನ್ನುತ್ತಾನೆ. ಆಗ ಅವನ ಮೇಲೆ ಹಗ್ಗವಿಲ್ಲ. ಕಟ್ಟಿಹಾಕಿದಾಗ ಸಿಕ್ಕಿದ್ದು ಮಾಹಿತಿ. ಆತನಾಗಿಯೇ ಹೇಳಿದ್ದು ಸತ್ಯ.

ಮಗಳಿಗೆ ಖಾಲಾಳ ವಿಷಯ ಹೇಳಿದೆವು. ಅವಳು ಸುಮ್ಮನೆ ಕೇಳಿಸಿಕೊಂಡು, “ಆಮೇಲೆ ಹೋಗಿ ಮಾಫಿ ಕೇಳಿದ್ರಾ?” ಎಂದಳು.

ಇಲ್ಲ ಎಂದೆವು. ಹಣ ಸಿಕ್ಕಿದ ಸುದ್ದಿಯನ್ನೂ ಆಕೆಗೆ ತಿಳಿಸಿರಲಿಲ್ಲ.